ತುಂಬಿದ ಲೋಟ

ವ್ಯಾಯಾಮಕ್ಕೆಂದು ನೆಲದ ಮೇಲೆ ಅಂಗಾತ ಮಲಗಿದ್ದ ಮಗಳು ತಲೆಯೆತ್ತಿ ಏಳಲು ಹೋದಾಗ ಸೊಂಟದಲ್ಲಿ ಛಳಕು ಹೊಡೆಯಿತು. ಹೊಟ್ಟೆಗೆ ಬಲ ಬಂದರೆ ಬೆನ್ನು ಉಳಿಯುತ್ತದೆ, ಬೆನ್ನು ಉಳಿದರೆ ನಡೆಯಲಾಗದ ಅಮ್ಮನನ್ನು ಮುಂದೆಯೂ ಎತ್ತಿ ಬಚ್ಚಲಿಗೆ ಒಯ್ಯಬಹುದು ಎಂಬುದು ಅವಳ ಆಸೆ. ಹಲ್ಲು ಕಚ್ಚಿ ಮತ್ತೆ ಮಲಗಿದಳು.

"ಹಲ್ಲು ಕಚ್ಚಿದ್ದೂ ಕೇಳ್ಸತ್ತೆ ಕಣೇ," ಎಂದಳು ಪಕ್ಕದ ತಗ್ಗು ಮಂಚದ ಮೇಲಿದ್ದ ಅಮ್ಮ. "ಹಾಗೆ ಏಳ್ಬೇಡ ಅಂತ ವ್ಯಾಯಾಮ ಹೇಳ್ಕೊಟ್ಟ ಆ ಫಿಸಿಯೋ ಹುಡುಗಿ ಬಡ್ಕೊಂಡ್ಲು. ಮಂಡಿ ಮಡಚು." ಕೈ ಇಳಿಬಿಟ್ಟು ಮಗಳ ಸೊಂಟದಡಿ ಅಂಗೈ ತೂರಿಸಿದಳು. "ಉಸಿರು ಬಿಡ್ತಾ, ಹೊಟ್ಟೆ ಬಿಗಿ ಮಾಡಿ ನನ್ನ ಕೈ ಅದುಮು."

"ನಿನ್ನ ಕೈ ಮುರ್ದೋಗತ್ತೆ, ಅಮ್ಮ."

"ನಿನ್ನ ಹೊತ್ತ ಮೈ ಇದು. ಅದುಮೇ."

ಮಗಳು ಮೆಲ್ಲಗೆ ಅದುಮಿದಳು. ಹೊಕ್ಕುಳು ಒಳಗಿಳಿಯಿತು, ಹೊಟ್ಟೆ ನಡುಗಿತು. ಬೆನ್ನು ಮಾತ್ರ, ದೇವರು ದೊಡ್ಡವನು, ತೆಪ್ಪಗಿತ್ತು.

"ನೋವಾಯ್ತಾ? ನನ್ನಾಣೆಗೂ ಹೇಳು."

"ಇಲ್ಲಮ್ಮ, ನಿನ್ನಾಣೆ."

ಅಮ್ಮ ಕೈ ಹಿಂದೆಗೆದುಕೊಂಡು ಕಿಟಕಿಯ ಕಡೆ ನೋಡಿದಳು. ನಿನ್ನೆ ಬೆಳಿಗ್ಗೆ ಮಗಳು ಇಟ್ಟ ನೀರಿನ ಲೋಟ ಅಲ್ಲಿ ತುಂಬಿದಂತೆಯೇ ಇತ್ತು. ಬಾಯಾರಿಕೆಯೇ ಆಗೋದಿಲ್ಲ ಎಂದು ಅಮ್ಮ ಕೆಲವು ದಿನಗಳಿಂದ ಹೇಳುತ್ತಲೇ ಇದ್ದಳು.

"ಹಾಗಾದ್ರೆ ಆ ನೀರು ಕೊಡವ್ವಾ," ಎಂದಳು ಅಮ್ಮ, ಒಣಗಿದ ತುಟಿ ಸವರಿಕೊಂಡು. "ಕುಡಿದ್ರೆ ಮತ್ತೆ ನೀನೇ ನನ್ನ ಬಚ್ಚಲಿಗೆ ಎತ್ಕೊಂಡು ಹೋಗ್ಬೇಕಲ್ಲ ಅಂತ ಬಿಟ್ಟಿದ್ದೆ."