ಬೀಗರು ಹೊಗಳಿದ ಚೈನು

ಹಿಮ ಕರಗಿ ಹೊಳೆ ಕೆಸರಾಗಿ ಹರಿಯುವ ತಿಂಗಳು, ಮಧ್ಯಾಹ್ನದ ಚಹಾದ ಹೊತ್ತು. ಮಗಳನ್ನು ನೋಡಲು ಕಣಿವೆಯ ಆಚೆಯಿಂದ ಬಂದಿದ್ದ ಬೀಗರಾದ ಓರೊಜ್‌ಗೆ ರೊಟ್ಟಿ ಮುರಿದುಕೊಡಲು ಅಕ್ಮತ್ ಮುದುಕ ಕೈ ಚಾಚಿದ. ಅಂಗಿಯ ತೋಳು ಹಿಂದೆ ಸರಿಯಿತು. ಕೈಗಡಿಯಾರದ ಹೊಸ ಚೈನು ಪಳಕ್ಕೆಂದಿತು.

"ಅಯ್ಯಯ್ಯೋ, ಎಂಥಾ ಚೈನ್ರೀ ಬೀಗ್ರೆ ಇದು! ಕಣ್ಣು ಕೀಳೋಕೇ ಆಗ್ತಿಲ್ವಲ್ಲ!" ಅಂದುಬಿಟ್ಟರು ಓರೊಜ್. ಅಂದವರೇ ನಾಲಿಗೆ ಕಚ್ಚಿಕೊಂಡರು.

ಚಹಾ ಬಗ್ಗಿಸುತ್ತಿದ್ದ ಸೊಸೆ ಜಿಪರ್‌ಳ ಕೈ ಅಲ್ಲೇ ನಿಂತಿತು. ಆ ಬೆಟ್ಟಗಳಲ್ಲಿ ಅತಿಥಿ ಬಾಯ್ತುಂಬ ಹೊಗಳಿದ ವಸ್ತು ಮತ್ತೆ ಮನೆಯೊಡೆಯನ ಬಳಿ ಉಳಿಯುವಂತಿಲ್ಲ. ಬೀಗ ಹೊಗಳಿದರಂತೂ ಕೇಳುವುದೇ ಬೇಡ. ಅದಕ್ಕೇ ತಿಳಿದವರು ಯಾರ ಮನೆಗೆ ಹೋದರೂ ಹವೆಯನ್ನು ಹೊಗಳಿ ಸುಮ್ಮನಾಗುತ್ತಾರೆ.

ಅಕ್ಮತ್ ವಾಚನ್ನು ಬಿಚ್ಚಿ ಹಾಸುಬಟ್ಟೆಯ ಮೇಲೆ ಬೀಗರ ಮುಂದಿಟ್ಟ. ಕುರಿ ಫಾರಂ ಇದ್ದ ಕಾಲದಲ್ಲಿ ಉಣ್ಣೆ ಕತ್ತರಿಸುವ ಪಂದ್ಯದಲ್ಲಿ ಗೆದ್ದ ವಾಚು. ಚಿನ್ನದ ನೀರು ಹಿಡಿಸಿದ ಕೇಸು. ಒಂದು ಗೀರು ಬಿದ್ದರೆ ಸಾಕು, ಒಳಗಿನ ಬಿಳಿ ಲೋಹ ಹಲ್ಲು ಕಿರಿಯುತ್ತದೆ. ಹಾಗಾಗಿ ಹುಲ್ಲು ಹೊರುವಾಗ, ಕುರಿ ಹಿಡಿಯುವಾಗ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೇ ಆತನಿಗೆ ವಯಸ್ಸಾಗಿತ್ತು.

"ತಗೊಳ್ಳಿ ಬೀಗ್ರೆ. ಇನ್ಮೇಲೆ ನಿಮ್ದು."

"ಏ, ಬಿಡ್ರೀ ಮಾರಾಯ್ರೆ! ನನ್ ನಾಲ್ಗೆಗೆ ಬುದ್ಧಿ ಇಲ್ಲ, ನಿಮಗೂ ಬೇಡ್ವಾ?"

"ಬಾಯಿ ತೆಗೆಯೋ ಮುಂಚೆ ಯೋಚಿಸ್ಬೇಕಿತ್ತು. ಇದನ್ನ ಇನ್ನೂ ನಾನೇ ಕಟ್ಕೊಂಡು ತಿರುಗಿದ್ರೆ ಊರು ಏನನ್ನುತ್ತೆ? ಅಕ್ಮತ್‌ಗೆ ಬೀಗರಿಗಿಂತ ಗಡಿಯಾರ ಹೆಚ್ಚಾಯ್ತು ಅಂತ."

"ನಾನು ಕಟ್ಕೊಂಡ್ ಹೋದ್ರೆ ನಮ್ಮೂರು ಸುಮ್ನಿರುತ್ತಾ? ಮಗಳನ್ನ ನೋಡೋ ನೆಪ ಮಾಡಿ ವಾಚು ಹೊಡ್ಕೊಂಡ್ ಬಂದ ಅನ್ನುತ್ತೆ!"

ಇಬ್ಬರೂ ಗಡ್ಡ ಮುಂದೆ ಮಾಡಿಕೊಂಡು ಕುಳಿತರು. ನಡುವೆ ವಾಚು ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಜಿಪರ್ ಕೆಟಲನ್ನು ಕೆಳಗಿಟ್ಟಳು.

"ಮಾವ, ಅಪ್ಪ ಹೊಗಳಿದ್ದು ಚೈನನ್ನ. ವಾಚಿನ ಸುದ್ದಿ ಎತ್ತಲೇ ಇಲ್ಲ."

"ಎತ್ತಲೇ ಇಲ್ಲ, ದೇವರಾಣೆ!" ಎಂದು ಓರೊಜ್ ತೊಡೆ ತಟ್ಟಿಕೊಂಡರು. "ಚೈನು ಅಂದೆ. ಬರೀ ಚೈನು!"

ಅಕ್ಮತ್ ಯೋಚಿಸಿದ. ಮಾತಿನಂತೆ ನಡೆದ ಹಾಗೂ ಆಗುತ್ತದೆ, ವಾಚೂ ಉಳಿಯುತ್ತದೆ. ಆದರೆ ಚೈನನ್ನು ಬಿಚ್ಚುವವರು ಯಾರು? ಚಾಕು ತೆಗೆದುಕೊಂಡ. ತನ್ನ ಬೆರಳು ನಡುಗುವುದನ್ನು ಕಂಡು ಹಾಗೇ ಒರೆಗೆ ಸೇರಿಸಿದ. ಓರೊಜ್ ಬೆರಳುಗಳೋ, ಗೂಟದಂತಿದ್ದವು.

"ಇಲ್ಲಿ ಕೊಡಿ ಮಾವ," ಅಂದಳು ಜಿಪರ್. "ದಿನಾ ದವಾಖಾನೆಯಲ್ಲಿ ಮಕ್ಕಳಿಗೆ ಸೂಜಿ ಚುಚ್ಚೋಳು ನಾನು. ಇದಾದ್ರೂ ಕೊಸರಾಡಲ್ಲ."

"ಗೀರು ಬಿದ್ರೆ ತಾಯೀ..."

"ಬಿದ್ರೆ ನೀವು ಬೈಯೋದು ನನ್ನಲ್ಲ ಬಿಡಿ, ನಮ್ಮಪ್ಪನ್ನ."

ಹೇಳುವುದೇನೋ ಹೇಳಿದಳು, ಆದರೆ ಕೈಯಲ್ಲಿದ್ದದ್ದು ಮಾವನ ಒಂದೇ ಒಂದು ಸಿರಿ. ಮುಂದೆ ಹೆತ್ತ ಅಪ್ಪ. ಕಂಬಳಿಯ ತುಂಡನ್ನು ಮಡಚಿ ಅದರ ಮೇಲೆ ವಾಚನ್ನು ಬೋರಲಾಗಿ ಮಲಗಿಸಿದಳು. ಚೈನು ಸಿಕ್ಕಿಸಿದ್ದ ಕೇಸಿನ ನಾಲ್ಕೂ ಕಿವಿಗಳಿಗೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದಳು. ಕಂಬಳಿ ಹೊಲಿಯುವ ದಪ್ಪ ಸೂಜಿಯ ಮೊನೆಯನ್ನು ಕಲ್ಲಿಗೆ ತೀಡಿ ಮೊಂಡು ಮಾಡಿದಳು. ಚೈನನ್ನು ಹಿಡಿದಿದ್ದ ಸ್ಪ್ರಿಂಗ್ ಕಡ್ಡಿ ಹಾರದಂತೆ ಹೆಬ್ಬೆರಳು ಅಡ್ಡವಿಟ್ಟು, ಸೂಜಿಯನ್ನು ಹೊರಗಿನಿಂದಲ್ಲ, ಒಳಬದಿಯಿಂದ ಒತ್ತಿದಳು.

ಅಕ್ಮತ್ ಸೂಜಿಯ ತುದಿಯಿಂದ ಕಣ್ಣು ಕೀಳಲಿಲ್ಲ. ಒಂದು ಬದಿ ಕಳಚಿದಾಗ ಉಸಿರು ಬಿಟ್ಟು ಬೀಗರ ಕಡೆ ನೋಡಿದ. ಓರೊಜ್ ಸೂಜಿಯನ್ನೂ ನೋಡುತ್ತಿರಲಿಲ್ಲ, ವಾಚನ್ನೂ ನೋಡುತ್ತಿರಲಿಲ್ಲ. ಮಗಳ ಬೆರಳುಗಳನ್ನು ನೋಡುತ್ತಿದ್ದರು. ಆ ಚೈನು ಅವಳು ಮೊದಲ ಸಂಬಳದಲ್ಲಿ ಕೊಂಡದ್ದು. ಮದುವೆಯಾದ ಹೆಣ್ಣಿನ ಮೊದಲ ಸಂಬಳದ ಉಡುಗೊರೆ ಗಂಡನ ಮನೆಯ ಹಿರಿಯರಿಗೆ ಸಲ್ಲಬೇಕು. ತವರಿನವರು ಅದನ್ನು ಬಯಸಬಾರದು, ಬಯಸಿದರೂ ಬಾಯಿಬಿಡಬಾರದು. ಈ ಮನುಷ್ಯ ಹೊಳಪು ಕಂಡು ಹೊಗಳಿದ್ದಲ್ಲ ಅನ್ನುವುದು ಅಕ್ಮತ್‌ಗೆ ಆಗ ಹೊಳೆಯಿತು.

ಇನ್ನೊಂದು ಬದಿಯೂ ಕಳಚಿತು. ಸೂಜಿ ದಾರದ ಡಬ್ಬಿಯ ತಳದಲ್ಲಿದ್ದ, ವಾಚಿನ ಹಳೆಯ ಚರ್ಮದ ಬೆಲ್ಟನ್ನು ಜಿಪರ್ ಕೂರಿಸಿದಳು. ಕಡ್ಡಿ ತೂತಿಗೆ ಬಿದ್ದ ಸಣ್ಣ ಸದ್ದು ಮೂವರಿಗೂ ಕೇಳಿಸಿತು. ಪಟ್ಟಿ ಸುಲಿದಳು. ಅಕ್ಮತ್ ಕೇಸನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಗೀರಿರಲಿಲ್ಲ.

ಚೈನನ್ನು ಎತ್ತಿ ಬೀಗರ ಅಂಗೈಗೆ ಹಾಕಿ ಅಂದ: "ಮೊದಲ್ನೇ ದಿನದಿಂದ ಇದು ನಂಗೆ ಸಡಿಲಾನೇ. ನಿಮ್ ಮಗಳು ಅಂಗಡೀಲಿ ನಿಂತಾಗ ಯಾರ ಕೈ ಅಳತೆ ನೆನಪಿತ್ತೋ ಏನೋ."

ಓರೊಜ್ ಬಟ್ಟಲೆತ್ತಿ ತುಟಿಗಿಟ್ಟರು. ಬಟ್ಟಲು ಆಗಲೇ ಖಾಲಿಯಾಗಿತ್ತು. ಜಿಪರ್ ಮುಖ ತಿರುಗಿಸಿಕೊಂಡು ಅದಕ್ಕೆ ಚಹಾ ಬಗ್ಗಿಸಿದಳು.

ಮರುದಿನ ಬೆಳಿಗ್ಗೆ ಓರೊಜ್ ಕುದುರೆಯೇರಿ ಹೊರಟರು. ಬಲಿತ ಮಣಿಕಟ್ಟಿನಲ್ಲಿ ವಾಚಿಲ್ಲದ ಚೈನು. ವಾಚಿರಬೇಕಾದ ಸಂದಿಗೆ ಮಗಳು ಕಟ್ಟಿಕೊಟ್ಟ ಕೆಂಪು ಉಣ್ಣೆಯ ನೂಲು. ಸೇತುವೆಯ ಬಳಿ ಯಾರೋ ಗಂಟೆ ಎಷ್ಟೆಂದು ಕೇಳಿದರಂತೆ. ಓರೊಜ್ ಕುದುರೆ ನಿಲ್ಲಿಸಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಚೈನು ಚೆನ್ನಾಗಿ ಕಾಣುವಂತೆ ಕೈಯೆತ್ತಿ ಹಿಡಿದು, ಸೂರ್ಯನನ್ನು ನೋಡಿ ಹೇಳಿದರಂತೆ.