ವಿಮಲಾಕ್ಷಿ ಮೇಡಂ ಅವರ ಅನುಭವ

ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಕಾರ್ಖಾನೆಯವರು ವಿಮಲಾಕ್ಷಿ ಮೇಡಂ ಅವರ ಮೂವತ್ತು ವರ್ಷದ ಅನುಭವವನ್ನು ಯಂತ್ರ ಹಚ್ಚಿ ನನ್ನ ತಲೆಗೆ ಇಳಿಸಿದರು. ನಿವೃತ್ತರಾಗುವವರೆಲ್ಲ ಹೀಗೆ ಕೊಟ್ಟೇ ಹೋಗಬೇಕು. ಆಮೇಲೆ ಅವರಲ್ಲಿ ಆ ಅನುಭವ ಏನೂ ಉಳಿಯುವುದಿಲ್ಲ. ನಮ್ಮದು ಕಾಫಿ ಕಾರ್ಖಾನೆ, ಅವರು ರುಚಿ ನೋಡುವವರು. ನನಗೆ ಬೇಕಿದ್ದದ್ದು ರುಚಿಗಿಂತ ಧೈರ್ಯ. ಇಷ್ಟು ವರ್ಷ ದುಡಿದವರಲ್ಲಿ ಅದು ಇದ್ದೇ ಇರುತ್ತದೆ ಎಂದುಕೊಂಡಿದ್ದೆ.

ಪರೀಕ್ಷೆಗೆಂದು ಇಟ್ಟ ಕಾಫಿಯ ಮೊದಲ ಗುಟುಕಿಗೇ ನಾಲಿಗೆ ಹೇಳಿತು, ಬೀಜಕ್ಕೆ ಬೂಷ್ಟು ಹಿಡಿದಿದೆ. ಅಷ್ಟರಲ್ಲಿ ಮ್ಯಾನೇಜರ್ ನಿಶ್ಚಲ್ ಬಂದರು. ನನಗಿಂತ ಎರಡೇ ವರ್ಷ ದೊಡ್ಡವರು.

"ಏನ್ರೀ, ಫಸ್ಟ್ ಗ್ರೇಡ್ ತಾನೇ? ಸಂಜೆ ಲಾರಿ ಹೊರಡ್ಬೇಕು."

ಇಲ್ಲ ಎನ್ನಲು ಬಾಯಿ ತೆರೆದೆ. ಮೈ ತಾನಾಗಿ ಎದ್ದು ನಿಂತಿತು. ಮೇಡಂ ಮಾಡುತ್ತಿದ್ದಂತೆಯೇ ಕೈ ಚೂಡಿದಾರದ ಹೆಗಲ ಮೇಲೆ ಇಲ್ಲದ ಸೆರಗನ್ನು ಹುಡುಕಿತು. "ಹೂಂ ಸಾರ್, ನೀವು ಹೇಳ್ದಂಗೇ," ಅಂದೆ.

ಶಾಲು ಹೊದ್ದು ಪಕ್ಕದಲ್ಲೇ ಕೂತಿದ್ದ ವಿಮಲಾಕ್ಷಿ ಮೇಡಂ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಲೋಟ ಎತ್ತಿ ಕುಡಿದು, ಅಲ್ಲೇ ಉಗುಳಿದರು.

"ಥೂ! ಯಾರ್ ಕುಡೀತಾರಪ್ಪಾ ಈ ಕೊಳಕನ್ನ?"

ನಿಶ್ಚಲ್ ನಕ್ಕರು. "ಪಾಪ, ಅವ್ರಿಗೀಗ ಏನೂ ಗೊತ್ತಾಗಲ್ಲ. ನೀವು ಬರೀರಿ."

'ಫಸ್ಟ್ ಗ್ರೇಡ್' ಎಂದು ಬರೆದೆ. ದುಂಡಗಿನ ಅಕ್ಷರ, ಥೇಟ್ ಮೇಡಂ ಅವರದೇ.