ಎತ್ತಿನ ಪಾಲಿನ ಎಣ್ಣೆ

ಶಿವಾನಿ ಹೊಸ್ತಿಲ ಬಳಿ ಕೂತು ಪುಂಡಿಪಲ್ಲೆಯ ಎಲೆ ಬಿಡಿಸುತ್ತಿದ್ದಳು. ಅಂಗಳದಲ್ಲಿ ಅವಳ ಗಂಡ ಭರತ ಗೋಣಿಚೀಲ ಹಾಸಿಕೊಂಡು ಮೋಟರ್‌ಸೈಕಲ್ಲಿನ ಪಕ್ಕ ಮಲಗಿ, ಇಂಜಿನಿನ ತಳದ ಬೋಲ್ಟಿಗೆ ಪಾನಾ ಹಚ್ಚಿದ್ದ. ಪಂಚಮಿಯಿಂದ ಈಚೆಗೆ ಆ ಮನೆಯಲ್ಲಿ ಅವಳ ಜೊತೆ ಯಾರಿಗೂ ಹೆಚ್ಚು ಮಾತಿರಲಿಲ್ಲ.

ಎಂಟು ದಿನದಿಂದ ಗಾಡಿಯ ಮುಂಭಾಗದಲ್ಲಿ ಎಣ್ಣೆಯ ಕೆಂಪು ದೀಪ ಉರಿಯುತ್ತಿತ್ತು. ಇಂಜಿನಿಗೆ ಎಣ್ಣೆ ಏರುತ್ತಿಲ್ಲ ಎಂದು ಅದರ ಎಚ್ಚರಿಕೆ. ಔರಾದ ಶಹಾಜನಿಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡವನ ಗಾಡಿಗೇ ಹೀಗಾದರೆ ಮಂದಿ ನಗುತ್ತಾರೆ. ಕಡ್ಡಿ ಅದ್ದಿ ನೋಡಿದರೆ ಎಣ್ಣೆ ತುಂಬಿತ್ತು. ವೈರು ಸರಿ ಇತ್ತು. ನಿಲಂಗಾದಿಂದ ಹೊಸ ಸ್ವಿಚ್ಚು ತರಿಸಿ ಹಾಕಿದರೂ ದೀಪ ಆರಲಿಲ್ಲ. ಉದಗೀರದಲ್ಲಿ ಕೊಂಡ ಹಳೆಯ ದೊಡ್ಡ ಗಾಡಿ ಅದು. ಮೊದಲೆಲ್ಲ ತಿಂಗಳಿಗೊಮ್ಮೆ ಎಣ್ಣೆ ಬೇಡುತ್ತಿದ್ದದ್ದು ಈ ಮಳೆಗಾಲದಲ್ಲಿ ಬೇಡುವುದನ್ನೇ ಬಿಟ್ಟಿತ್ತು. ಮಂದಿಯ ಗಾಡಿಗಳಲ್ಲೇ ಹೊತ್ತು ಹೋಗುತ್ತಿದ್ದ ಭರತ, ಒಳ್ಳೆಯದೇ ಆಯಿತೆಂದು ಸುಮ್ಮನಿದ್ದ.

ಬೋಲ್ಟು ಬಿಚ್ಚಿತು. ಕರಿ ಎಣ್ಣೆ ಒಮ್ಮೆಲೇ ಸುರಿಯಬೇಕಿತ್ತು, ಸುರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯತೊಡಗಿತು. ಒಳಗಿನ ಜಾಲರಿ ತೆಗೆದರೆ ಅದರ ಕಣ್ಣೆಲ್ಲ ಕಂದು ಅಂಟಿನಿಂದ ಮುಚ್ಚಿಹೋಗಿತ್ತು. ಭರತ ಬೆರಳು ಮೂಸಿದ. ಮತ್ತೊಮ್ಮೆ ಮೂಸಿ ಹೆಂಡತಿಯ ಕಡೆ ತಿರುಗಿದ. ಎಲೆ ಬಿಡಿಸುವ ಅವಳ ಕೈ ಆಗಲೇ ನಿಂತಿತ್ತು. ಒಲೆಯ ಮೇಲೆ ಮರೆತು ಸೀದುಹೋದ ಎಣ್ಣೆಯಂಥದೇ ವಾಸನೆ ಅವನಿಗಿಂತ ಮೊದಲೇ ಅವಳಿಗೆ ಬಂದಿತ್ತು.

“ಕುಸುಬಿ ಎಣ್ಣಿ ಅದ ಇದು,” ಅಂದ ಭರತ. “ಇಂಜಿನ್‌ನ್ಯಾಗ ಅಡಗಿ ಎಣ್ಣಿ ಯಾರ ಹಾಕ್ಯಾರ?”

ಅವನ ತಾಯಿ ಕಸ್ತೂರಬಾಯಿ ಒಳಗಿನಿಂದ ಬಂದಳು. ಗಾಣದಿಂದ ತಂದ ಕುಸುಬಿ ಎಣ್ಣೆಯ ಡಬ್ಬಿ ಕಾರಹುಣ್ಣಿಮೆಯಿಂದ ಬೇಗ ಬೇಗ ಇಳಿಯುತ್ತಿತ್ತು. ಸೊಸೆ ತವರಿಗೆ ಸಾಗಿಸುತ್ತಾಳೆಂದು ಅವಳು ತೀರ್ಮಾನಿಸಿದ್ದಳು. ಪಂಚಮಿಗೆ ಮಗಳನ್ನು ಕರೆದೊಯ್ಯಲು ಗುಂಜೋಟಿಯಿಂದ ಬಂದ ಶಿವಾನಿಯ ಅವ್ವನ ಚೀಲವನ್ನು ಓಣಿಯ ಹೆಂಗಸರ ಮುಂದೆಯೇ ಬಿಚ್ಚಿಸಿದ್ದಳು. ಒಂದು ಸೀರೆ, ಹಸಿರು ಬಳೆ, ಅಳ್ಳಿನ ಉಂಡಿ ಹೊರಬಂದವು. ಎಣ್ಣೆ ಇರಲಿಲ್ಲ. ಮೊದಲೇ ಒಯ್ದು ಮುಟ್ಟಿಸಿರುತ್ತಾರೆ ಅಂದಿದ್ದಳು ಕಸ್ತೂರಬಾಯಿ. ಅವ್ವ ಬಳೆಗಳನ್ನು ಹೊಸ್ತಿಲ ಮೇಲಿಟ್ಟು ಒಬ್ಬಳೇ ಬಸ್ಸು ಹತ್ತಿದಳು. ಆಮೇಲೆ ಅವಳ ಫೋನು ಬರಲಿಲ್ಲ. ಎಣ್ಣೆ ಡಬ್ಬಿ ಕಪಾಟು ಸೇರಿತು, ಕೀಲಿ ಅತ್ತೆಯ ಸೊಂಟ ಸೇರಿತು.

ಈಗ ಕಸ್ತೂರಬಾಯಿ ಅಂಟನ್ನು ಮುಟ್ಟಿ ಮೂಸಿದಳು.

“ತವರಿಗಿ ಒಯ್ಯಲಿಕ್ಕ ಆಗಲಿಲ್ಲಂತ ಗಾಡ್ಯಾಗ ಸುರುವ್ಯಾಳ. ಬಾಯಿ ಇಲ್ಲದಾಕಿ ಕೈ ಎಷ್ಟುದ್ದ ಅದ ನೋಡಪಾ.”

ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಮಾವ ರಾಚಯ್ಯ ಕೆಮ್ಮಿದ.

“ಆಕಿ ಅಲ್ಲ. ನಾ ಹಾಕೀನಿ.”

ಅವನು ಹೇಳಿದ್ದಿಷ್ಟು. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಕುಡಿಸುವುದು ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ಎತ್ತು ಮಾರಿ ಈ ಗಾಡಿ ತಂದ ವರ್ಷ ಕೊಟ್ಟಿಗೆಯ ಖಾಲಿ ಗೂಟಕ್ಕೆ ಕೈಮುಗಿದು ಬಂದಿದ್ದ. ಮನಸ್ಸು ತಡೆಯಲಿಲ್ಲ. ಈ ವರ್ಷ ಗಾಡಿಯ ಮೈ ತೊಳೆದು, ವಿಭೂತಿ ಹಚ್ಚಿ, ಎತ್ತಿನ ಪಾಲಿನ ಎಣ್ಣೆಯನ್ನು ಅದಕ್ಕೇ ಕುಡಿಸಿದ. ಯಾವ ಬಾಯಿಗೆ ಹಾಕಬೇಕೆಂಬುದನ್ನು ಮಗನ ಗ್ಯಾರೇಜಿನಲ್ಲಿ ಕೂತು ನೋಡಿಕೊಂಡಿದ್ದ. ಗಾಡಿ ಹಗುರಾಗಿ ಓಡಿದಂತೆ ಅನ್ನಿಸಿತು. ಮುಂದೆ ಅಮಾವಾಸ್ಯೆಗೊಮ್ಮೆ ಕೊಡುತ್ತ ಬಂದ.

ಶಿವಾನಿಗೆ ಕೊಟ್ಟಿಗೆಯ ಗೋಡೆಗೆ ತೂಗುವ ಗೊಟ್ಟ ಕಣ್ಣ ಮುಂದೆ ಬಂತು. ಎತ್ತಿಲ್ಲದ ಮನೆಯಲ್ಲಿ ಅದರ ತುದಿ ಯಾಕೆ ಜಿಡ್ಡಾಗಿದೆ ಎಂದು ಕಸ ಗುಡಿಸುವಾಗ ಎರಡು ಸಲ ಅಂದುಕೊಂಡಿದ್ದಳು. ಯಾರನ್ನೂ ಕೇಳಿರಲಿಲ್ಲ.

ಭರತ ಎದ್ದು ನಿಂತ. ಕೈಯಲ್ಲಿ ಜಾಲರಿ ಹಾಗೇ ಇತ್ತು.

“ಅಪ್ಪಾ, ಆಕಿ ಅವ್ವನ ಚೀಲ ಬಿಚ್ಚಿಸಿದಾಗ ನೀ ಇದೇ ಕಟ್ಟಿ ಮ್ಯಾಲ ಕುಂತಿದ್ದಿ.”

“ಕುಂತಿದ್ದೆ.” ರಾಚಯ್ಯ ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. “ನಿಮ್ಮವ್ವನ ಬಾಯಿಗಿ ಅಂಜಿದೆ. ನಾಕು ದಿನಕ್ಕ ಮರೀತಾರ ಅಂದ್ಕೊಂಡೆ.”

ಕಸ್ತೂರಬಾಯಿ ಗೋಡೆ ಹಿಡಿದು ನೆಲದ ಮೇಲೆ ಕೂತಳು. ಇಂಜಿನಿನಿಂದ ಇಳಿದ ಎಳೆ ತಗಡಿನ ಬುಟ್ಟಿಯವರೆಗೆ ತುಂಡಾಗದೆ ಜೋಲುತ್ತಿತ್ತು. ಕೊನೆಗೆ ಅವಳು ಸೊಂಟದಿಂದ ಕೀಲಿ ಬಿಚ್ಚಿ, ಸೊಸೆಯ ಮುಖ ನೋಡದೆ, ಪುಂಡಿ ಎಲೆಯ ಪಕ್ಕ ಇಟ್ಟಳು.

ಶಿವಾನಿ ಅದನ್ನು ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಮದುವೆಯಾಗಿ ಬಂದ ಮೇಲೆ ಮೂವರ ಎದುರು ಅವಳು ಬಾಯಿಬಿಟ್ಟದ್ದು ಅದೇ ಮೊದಲು. ದನಿ ಸಣ್ಣದಿತ್ತು, ಆದರೆ ಕಟ್ಟೆಯವರೆಗೂ ಕೇಳಿಸಿತು.

“ಕೀಲಿ ನಿಮ್ಮ ಹತ್ರನೇ ಇರಲಿ ಅತ್ತಿ. ನಮ್ಮ ಅವ್ವಗ ಫೋನ್ ಹಚ್ಚಿ, ಎಣ್ಣಿ ಎಲ್ಲಿ ಹೋಗಿತ್ತು ಅಂತ ನೀವೇ ಹೇಳ್ರಿ.”

ಭರತನ ಫೋನು ಗಾಡಿಯ ಸೀಟಿನ ಮೇಲಿತ್ತು. ಮೂವರೂ ಅದನ್ನೇ ನೋಡುತ್ತ ಉಳಿದರು.